ಕಡಲಿಗಿಳಿದ ಕೆಂಪು ಉಗುರು

ಡಿಸೆಂಬರಿನ ಒಂದು ಗುರುವಾರ, ಸಂಜೆ ಏಳು ಗಂಟೆ. ಬೆಂಗಳೂರಿನ ವಿಜಯನಗರದ ಮಾರುತಿ ಮಂದಿರದಿಂದ ಸ್ವಲ್ಪ ಆಚೆ, ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಬ್ಯೂಟಿ ಪಾರ್ಲರ್. ಕೆಳಗಿನಿಂದ ಕೋಡುಬಳೆ ಕರಿಯುವ ವಾಸನೆ, ಮೇಲಿನಿಂದ ಅಸಿಟೋನಿನ ಘಾಟು, ಎರಡೂ ಮೆಟ್ಟಿಲಿನ ಅರ್ಧದಲ್ಲಿ ಎದುರಾಗುತ್ತವೆ. ಒಳಗೆ ನನ್ನ ಅಕ್ಕನ ಮಗಳು ಒಂದೊಂದೇ ಕೈಯನ್ನು ಯುವಿ ಲ್ಯಾಂಪಿನ ಪುಟ್ಟ ಗೂಡಿಗೆ ತೂರಿಸುತ್ತ ಕೂತಿದ್ದಾಳೆ. ಜೆಲ್ ಪಾಲಿಶಿನ ಬಣ್ಣ ಕುಂಕುಮಗೆಂಪು. ನಾಳೆ ರಾತ್ರಿ ನಮ್ಮಿಬ್ಬರಿಗೂ ಮುರುಡೇಶ್ವರಕ್ಕೆ ಸ್ಲೀಪರ್ ಬಸ್ಸು, ಶನಿವಾರ ಬೆಳಿಗ್ಗೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ಗಾಗಿ ಇಳಿದದ್ದು ಇದೇ ನೀರಿಗೆ. 2022ರಲ್ಲಿ ಆ ಚಿತ್ರ ಬಂದಮೇಲೆ ನಮ್ಮ ಕ್ರಾಸಿನಲ್ಲಿ ಈಜು ಬಾರದವರೂ ನೇತ್ರಾಣಿಯ ಮಾತಾಡುತ್ತಾರೆ.

“ಮುಖದ ತುಂಬ ಮಾಸ್ಕು ಇರುತ್ತೆ ಚಿಕ್ಕಮ್ಮ. ಫೋಟೊದಲ್ಲಿ ಕಾಣೋದು ಕೈ ಒಂದೇ ತಾನೇ?” ಅಂದಳು. ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂಟಿಸುವ ಉದ್ದನೆಯ ಉಗುರೂ ಬೇಕೆಂದು ಕೇಳಿದಳು. ಪಾರ್ಲರಿನ ಹುಡುಗಿ ಮುಖ ಎತ್ತದೆಯೇ ಹೇಳಿದಳು: “ಬೇಡ ಅಕ್ಕ. ನೀರಲ್ಲಿ ತುಂಬ ಹೊತ್ತು ಇದ್ರೆ ಅಂಚು ಏಳುತ್ತೆ. ಕೆಳಗಡೆ ನೀರು ನಿಂತ್ರೆ ಉಗುರು ಹಸಿರಾಗುತ್ತೆ.” ಮಾತು ಸರಿ. ಎದ್ದ ಅಂಚಿನಡಿ ತೇವ ಉಳಿದರೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರಿಗೆ ಪಾಚಿಯಂಥ ಹಸಿರು ಕಟ್ಟುತ್ತದೆ. ಆದರೆ ಅದೇ ಹುಡುಗಿ ಮರುಕ್ಷಣ ಉಗುರಿನ ಬುಡದ ತೆಳುಚರ್ಮ ಕತ್ತರಿಸಲು ಕೈ ಹಾಕಿದಾಗ ನಾನು ತಡೆದೆ. ಆ ಚರ್ಮ ಇರುವುದೇ ಬಾಗಿಲಿನ ಹಾಗೆ. ಅದನ್ನು ತೆಗೆದು ಕಡಲಿಗಿಳಿದರೆ ಉಗುರುಸುತ್ತನ್ನು ಕೈಯಾರೆ ಕರೆದಂತೆ. ಆಮೇಲೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡಬೇಕು.

ಉದ್ದ ಬೆಳೆದಿದ್ದ ಸ್ವಂತ ಉಗುರನ್ನಾದರೂ ಇವತ್ತೇ ಗಿಡ್ಡ ಮಾಡಿಸು, ನಾಳೆ ಶುಕ್ರವಾರ, ನಿಮ್ಮಮ್ಮ ನೇಲ್ ಕಟರ್ ಮುಟ್ಟಲು ಬಿಡುವುದಿಲ್ಲ ಅಂದೆ. ಕೇಳಲಿಲ್ಲ.

ಶನಿವಾರ ಕಡಲ ಮೇಲೆ ಬೋಟು ಮುಂದೆ ಹೋದಂತೆ ಮುರುಡೇಶ್ವರದ 123 ಅಡಿಯ ಶಿವ ಕುಗ್ಗುತ್ತ ಹೋಗಿ, ಕೊನೆಗೆ ನನ್ನ ಕಿರುಬೆರಳ ಉಗುರಿನಲ್ಲಿ ಮುಚ್ಚುವಷ್ಟಾದ. ದಡದಿಂದ ದ್ವೀಪಕ್ಕೆ ಸುಮಾರು 19 ಕಿಲೋಮೀಟರು. ಹಳಬರ ಬಾಯಲ್ಲಿ ಅದು ಪಾರಿವಾಳ ಗುಡ್ಡ. ಉಗುರಿನ ನಿಜವಾದ ಪರೀಕ್ಷೆ ನಡೆದದ್ದು ನೀರಿನಲ್ಲಲ್ಲ, ಬೋಟಿನ ಹಲಗೆಯ ಮೇಲೆ. ವೆಟ್‌ಸೂಟ್ ಎಂದರೆ ನಿಯೋಪ್ರೀನ್ ಎಂಬ ನೊರೆರಬ್ಬರಿನ ಬಿಗಿ ಉಡುಪು, ಇನ್ನೊಂದು ಚರ್ಮವೇ ಸರಿ. ಮೊಣಕಾಲಿನ ಹತ್ತಿರ ಸಿಕ್ಕಿಕೊಂಡಿತೆಂದರೆ ಎಲ್ಲರೂ ಉಗುರು ನೆಟ್ಟು ಎಳೆಯುತ್ತಾರೆ. ನನಗೆ ಕೊಟ್ಟ ಸೂಟಿನ ತೊಡೆಯ ಮೇಲೆ ಹಿಂದಿನವರ ಉಗುರು ಕೊರೆದ ಏಳೆಂಟು ಅರ್ಧಚಂದ್ರಗಳಿದ್ದವು. ಕೆಲವಕ್ಕೆ ಅಂಟು ಮೆತ್ತಿದ್ದರು. “ಉಗುರು ಹಾಕ್ಬೇಡಿ ಅಕ್ಕ, ಬೆರಳಿನ ಮೆತ್ತನೆ ಭಾಗದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಮೇಲೆ ತನ್ನಿ,” ಎಂದು ಬೋಟಿನ ಹುಡುಗ ಹೇಳಿ ಮುಗಿಸುವ ಮೊದಲೇ ಪಕ್ಕದಲ್ಲಿ ‘ಟಕ್’ ಅಂತು. ಅಕ್ಕನ ಮಗಳ ಉಂಗುರಬೆರಳು. ಕುಂಕುಮಗೆಂಪಿನ ಒಂದು ತುಣುಕು ಹಲಗೆಯ ಸಂದಿಗೆ ಹೋಗಿ ಬಿತ್ತು.

ಬೆನ್ನಿಗೆ ಸಿಲಿಂಡರ್ ಕಟ್ಟಿದರು. ಅದನ್ನು ಆಕ್ಸಿಜನ್ ಸಿಲಿಂಡರ್ ಎನ್ನುವ ರೂಢಿ ನಮ್ಮಲ್ಲಿದೆ. ಒಳಗಿದ್ದದ್ದು ಒತ್ತಿ ತುಂಬಿದ ಮಾಮೂಲಿ ಗಾಳಿ. ನೀರಿನಡಿ ಕೈಗೆ ಕೆಲಸ ಕಡಿಮೆ. ಕಿವಿ ಒತ್ತಿದಾಗ ಮಾಸ್ಕಿನ ಮೇಲಿಂದ ಮೂಗು ಹಿಡಿಯಬೇಕು, ಮಿಕ್ಕ ಹೊತ್ತು ಬೆರಳುಗಳೇ ಬಾಯಿ. ಹೆಬ್ಬೆರಳು ಎತ್ತಿದರೆ ಇಲ್ಲಿ ‘ಸೂಪರ್’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಖುಷಿಯಲ್ಲಿ ಹೆಬ್ಬೆರಳೆತ್ತಿ ಅರ್ಧಕ್ಕೇ ಮೇಲೆ ಬಂದ ಬೆಂಗಳೂರಿನವರು ಎಷ್ಟೋ ಜನ ಎಂದು ಬೋಟಿನಲ್ಲಿ ನಗುತ್ತಿದ್ದರು.

ಇಳಿಯುತ್ತ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಐದಾರು ಮೀಟರ್ ದಾಟುವಷ್ಟರಲ್ಲಿ ಕುಂಕುಮ ಮಂಕಾಯಿತು. ಇನ್ನೊಂದಿಷ್ಟು ಕೆಳಗೆ ಹೋದಮೇಲೆ ಅದು ಹುಣಿಸೆಹಣ್ಣಿನ ಬಣ್ಣ. ನೀರು ಮೊದಲು ಹೀರುವುದು ಕೆಂಪು ಬೆಳಕನ್ನು. ನೀಲಿ ತುಂಬ ಆಳದವರೆಗೂ ಉಳಿಯುತ್ತದೆ. ಮದುವೆಯೊಂದರಲ್ಲಿ ಹಾಕಿದ್ದ ನನ್ನ ಗೋರಂಟಿಯ ಉಗುರೂ ಅವಳ ಜೆಲ್ ಉಗುರೂ ಅಕ್ಕಪಕ್ಕ ಒಂದೇ ಕಂದು. ಅಷ್ಟರಲ್ಲಿ ತರಬೇತುದಾರ ಬಂಡೆಯ ಸಂದಿಗೆ ಟಾರ್ಚ್ ಬಿಟ್ಟ. ಬೆಳಕಿನ ಅಂಚು ತಗುಲಿದ್ದೇ ತಡ, ಒಂಬತ್ತು ಉಗುರೂ ದಗ್ಗನೆ ಕೆಂಪಾಗಿ ಮತ್ತೆ ಆರಿದವು. ಅವಳು ಮೀನು ನೋಡುವುದು ಬಿಟ್ಟು ತನ್ನ ಕೈ ನೋಡಿಕೊಂಡಳು.

ಮೇಲೆ ಬರುವಾಗ ಏಣಿ ಅಲೆಗೆ ಏರಿ ಇಳಿಯಿತು. ಹೆಬ್ಬೆರಳು ಏಣಿಗೂ ಬೋಟಿಗೂ ನಡುವೆ ಸಿಕ್ಕಿಕೊಂಡಿತು. ಈ ಸಲ ನನ್ನದು.

ಸಂಜೆ ಲಾಡ್ಜಿನ ಜಗಲಿಯಲ್ಲಿ ಇಬ್ಬರೂ ಕೈ ಚಾಚಿ ಕೂತೆವು. ಉಗುರು ಕೆರಾಟಿನ್ ಎಂಬ ಪ್ರೋಟೀನಿನ ಪದರಗಳು. ನೀರು ಹೀರಿ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಪದರ ಬಿಟ್ಟು ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ದಿನವಿಡೀ ಪಾತ್ರೆ ತೊಳೆಯುವ ಕೈಗಳಿಗೆ ಈ ಸಂಗತಿ ಕಡಲು ನೋಡದೆಯೇ ಗೊತ್ತು. ಅದಕ್ಕೆ ಅಂಗಡಿಯಲ್ಲಿ ನೂರೆಂಟು ಬಾಟಲಿ ಸಿಗುತ್ತವೆ, ಆದರೆ ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಉಪ್ಪು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿದೆವು. ಮುರಿದ ಅಂಚನ್ನು ಅವಳು ಆಗಲೇ ಉಜ್ಜಲು ಹೊರಟಿದ್ದಳು. ಒದ್ದೆ ಉಗುರು ಮೆತ್ತಗಿರುತ್ತದೆ, ಉಜ್ಜಿದರೆ ಇನ್ನಷ್ಟು ಸೀಳುತ್ತದೆ, ಆರಲಿ ಅಂದೆ. ಎಣ್ಣೆಯೂ ಡೈವ್ ಮುಗಿದ ಮೇಲೆಯೇ. ಮೊದಲೇ ಹಚ್ಚಿಕೊಂಡ ಕೈಯಲ್ಲಿ ಮಾಸ್ಕ್ ಹಿಡಿದರೆ ಗಾಜೆಲ್ಲ ಜಿಡ್ಡು.

ಇನ್ನೊಂದು ಮಾತನ್ನು ಅವಳಿಗೆ ಹೇಳಿದೆ, ಮುಂದಿನ ಸಲಕ್ಕೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ? ಗಾಢ ಬಣ್ಣದ ಉಗುರಿದ್ದರೆ ಅದರ ಲೆಕ್ಕ ತಪ್ಪಬಹುದು. ನೀರಿನಲ್ಲಿ ಉಸಿರಿನ ತೊಂದರೆಯಾದವರ ಉಗುರು ನೀಲಿಗಟ್ಟಿದೆಯೇ ಎಂದು ಬರಿಗಣ್ಣಲ್ಲಿ ನೋಡುವುದಕ್ಕೂ ಬಣ್ಣ ಅಡ್ಡ. ಹತ್ತರಲ್ಲಿ ಒಂದೆರಡನ್ನಾದರೂ ಬೋಳಾಗಿ ಬಿಡಬೇಕು. “ಒಂದು ಆಗ್ಲೇ ಬೋಳು,” ಎಂದು ಉಂಗುರಬೆರಳು ತೋರಿಸಿದಳು.

ವಿಜಯನಗರಕ್ಕೆ ಬಂದ ವಾರದಲ್ಲೇ ಅವಳ ಜೆಲ್ ಹೋಯಿತು. ಕಿತ್ತು ಎಳೆಯದೆ ಪಾರ್ಲರಿನಲ್ಲಿ ನೆನೆಸಿ ತೆಗೆಸಿದಳು, ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು. ನನ್ನ ಹೆಬ್ಬೆರಳಿನ ಬುಡದಲ್ಲಿ ಮಾತ್ರ ನೇರಳೆಹಣ್ಣಿನ ಬಣ್ಣದ ಕಲೆಯೊಂದು ಕೂತಿತು. ಕೈಯ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಸಂಕ್ರಾಂತಿಗೆ ಕಲೆ ಬುಡ ಬಿಟ್ಟಿತ್ತು, ಯುಗಾದಿಗೆ ನಡುವಿಗೆ ಬಂದಿತ್ತು. ಜೂನ್ ಮೊದಲ ವಾರ, ಮಳೆಗೆ ನೇತ್ರಾಣಿಯ ಬೋಟುಗಳು ನಿಂತ ಹೊತ್ತಿಗೆ, ಅದು ತುದಿ ಮುಟ್ಟಿತು. ಒಂದು ಗುರುವಾರ ಸಂಜೆ ಕತ್ತರಿಸಿ ಕಸಕ್ಕೆ ಹಾಕಿದೆ.