ದಾರಿಯಲ್ಲಿ ಕುದುರೆಯನ್ನೇರುವ ಬಗೆ

ಮನೆಯ ಜಗಲಿಯ ಬಳಿ ನಿಂತ ಕುದುರೆಯನ್ನೇರುವುದು ಅಷ್ಟೇನೂ ಕಷ್ಟವಲ್ಲ. ಊರಿನಿಂದ ಹಲವು ಮೈಲಿ ದೂರದ ಕಾಡುದಾರಿಯಲ್ಲಿ ಏರುವುದೇ ಕಷ್ಟ. ಗೊರಸಿಗೆ ಕಲ್ಲು ಸಿಕ್ಕಿದಾಗಲಾಗಲಿ, ಕಡಿದಾದ ಇಳಿಜಾರು ಬಂದಾಗಲಾಗಲಿ ಸವಾರನು ಕೆಳಗಿಳಿಯತಕ್ಕದ್ದು. ಆದರೆ ಇಳಿದರೆ ಮತ್ತೆ ಹತ್ತಲಾರೆನೆಂಬ ಅಂಜಿಕೆಯಿಂದ ಕೆಲವರು ಇಳಿಯುವುದೇ ಇಲ್ಲ. ಅದರ ನೋವು ಕುದುರೆಯ ಪಾಲಿಗೆ ಬರುತ್ತದೆ. ಆದುದರಿಂದ ಸುಲಭವಾಗಿ ಏರುವುದನ್ನು ಕಲಿಯುವುದು ಸವಾರನ ಸುಖಕ್ಕಾಗಿ ಮಾತ್ರವಲ್ಲ, ಪ್ರಾಣಿದಯೆಗಾಗಿಯೂ ಅವಶ್ಯಕವು.

ಈ ಚಿಂತೆ ಹೊಸದಲ್ಲ. ಪ್ರಾಚೀನ ರೋಮನರಲ್ಲಿ ರಿಕಾಪು ಇರಲಿಲ್ಲ. ಕ್ರಿಸ್ತಪೂರ್ವ 123ರಲ್ಲಿ ಅಧಿಕಾರಕ್ಕೆ ಬಂದ ಗಾಯಸ್ ಗ್ರಾಕಸನು ರಸ್ತೆಗಳನ್ನು ಮಾಡಿಸಿದಾಗ, ಮೈಲಿಗಲ್ಲುಗಳಲ್ಲದೆ ಇಕ್ಕೆಲಗಳಲ್ಲಿಯೂ ಹತ್ತಿರ ಹತ್ತಿರವಾಗಿ ಬೇರೆ ಕಲ್ಲುಗಳನ್ನು ನೆಡಿಸಿದನೆಂದೂ, ಸವಾರರು ಪರರ ಸಹಾಯವಿಲ್ಲದೆ ಕುದುರೆಯನ್ನೇರಲೆಂಬುದೇ ಅವುಗಳ ಉದ್ದೇಶವೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ನಮ್ಮ ದಾರಿಯಲ್ಲಿ ಅಂತಹ ಕಲ್ಲನ್ನು ನೆಟ್ಟವರಿಲ್ಲದಿದ್ದರೂ ಚಿಂತೆಯಿಲ್ಲ. ಗದ್ದೆಯ ಬದು, ಹಳ್ಳದ ದಡ, ಬಿದ್ದ ಮರ, ಬಂಡೆ ಇವೆಲ್ಲವೂ ಮೆಟ್ಟಿಲುಗಳೇ.

ನೆಲದಿಂದ ಏರುವಾಗ ದೇಹದ ಭಾರವು ಒಂದೇ ರಿಕಾಪಿನ ಮೇಲೆ ಬೀಳುತ್ತದೆ. ಜೀನು ಎಡಕ್ಕೆ ವಾಲಿ, ಕುದುರೆಯ ಹೆಗಲನ್ನು ಬಲಮಗ್ಗುಲಿನಲ್ಲಿ ಒತ್ತುತ್ತದೆ. ಒಂದಡಿ ಎತ್ತರದಿಂದ ಏರಿದರೂ ಈ ಸೆಳೆತವು ತಗ್ಗುವುದು. ಆದುದರಿಂದ ಕುದುರೆಯನ್ನು ಇಳಿಜಾರಿಗೆ ಅಡ್ಡಲಾಗಿ, ಅದರ ಎಡಮಗ್ಗುಲು ದಿಣ್ಣೆಯ ಕಡೆಗಿರುವಂತೆ ನಿಲ್ಲಿಸಿ, ತಾನು ಮೇಲುಭಾಗದಲ್ಲಿ ನಿಲ್ಲಬೇಕು. ಕಲ್ಲು ಅಲುಗುವುದೋ ಎಂಬುದನ್ನು ಮೊದಲು ಮೆಟ್ಟಿ ನೋಡಬೇಕು.

ಬಳಿಕ ಜೀನಿನ ಹೊಟ್ಟೆಪಟ್ಟಿಯನ್ನು ಪರೀಕ್ಷಿಸತಕ್ಕದ್ದು. ದಾರಿ ನಡೆದ ಮೇಲೆ ಅದು ಸಡಿಲವಾಗಿರುವುದುಂಟು. ಎಡಗೈಯಲ್ಲಿ ಲಗಾಮಿನೊಡನೆ ಕತ್ತಿನ ಕೂದಲನ್ನೂ ಹಿಡಿಯಬೇಕು. ಬಲಗೈಯನ್ನು ಜೀನಿನ ಮುಂಭಾಗದ ಮೇಲಿಡಬೇಕು. ಹಿಂದಂಚನ್ನು ಹಿಡಿದು ಜಗ್ಗಿದರೆ ಜೀನು ತಿರುಚಿಕೊಳ್ಳುತ್ತದೆ. ಕಾಲ್ಬೆರಳು ಕುದುರೆಯ ಹೊಟ್ಟೆಯನ್ನು ತಿವಿಯದಂತೆ ಎಚ್ಚರವಹಿಸಿ, ನೆಟ್ಟಗೆ ಮೇಲೆದ್ದು, ಮೆಲ್ಲಗೆ ಕುಳಿತುಕೊಳ್ಳಬೇಕು; ದೊಪ್ಪೆಂದು ಬೀಳಬಾರದು. ಎತ್ತರದ ತಾಣ ಸಿಕ್ಕದಿದ್ದರೆ ಎಡ ರಿಕಾಪಿನ ಪಟ್ಟಿಯನ್ನು ಎರಡು ಮೂರು ತೂತುಗಳಷ್ಟು ಇಳಿಸಿಕೊಂಡು, ಹತ್ತಿದ ಮೇಲೆ ಸರಿಪಡಿಸಿಕೊಳ್ಳಬಹುದು. ಜೊತೆಗಾರನಿದ್ದರೆ ಅವನು ಬಲ ರಿಕಾಪನ್ನು ಕೆಳಕ್ಕೆ ಒತ್ತಿ ಹಿಡಿದರೆ ಜೀನು ವಾಲದು.

ಎಡಗಡೆಯಿಂದಲೇ ಏರುವ ರೂಢಿಗೆ, ಸೊಂಟದ ಎಡಕ್ಕೆ ಖಡ್ಗವನ್ನು ಕಟ್ಟುತ್ತಿದ್ದುದೇ ಕಾರಣವೆಂದು ಹೇಳುವರು. ಖಡ್ಗವಿಲ್ಲದ ನಮಗೆ ಆ ಕಟ್ಟೇಕೆ? ದಿಣ್ಣೆಯು ಬಲಕ್ಕಿದ್ದರೆ ಬಲದಿಂದಲೇ ಏರಬಹುದು. ಆದರೆ ಕುದುರೆಗೆ ಅದು ಮೊದಲೇ ಅಭ್ಯಾಸವಾಗಿರಬೇಕು; ಇಲ್ಲದಿದ್ದರೆ ಬೆದರೀತು. ಅಪ್ಪಣೆಯಾಗುವವರೆಗೆ ಕದಲದೆ ನಿಲ್ಲುವುದನ್ನೂ ಮನೆಯಲ್ಲಿಯೇ, ದಿನವೂ ಸ್ವಲ್ಪ ಹೊತ್ತು, ಎರಡು ಮಗ್ಗುಲುಗಳಿಂದಲೂ ಕಲಿಸತಕ್ಕದ್ದು. ಕದಲುವ ಕುದುರೆಯ ಬಳಿ ಎಂತಹ ಬಂಡೆಯಿದ್ದೂ ಪ್ರಯೋಜನವಿಲ್ಲ.

ಏರುವ ಬಗೆಯನ್ನು ಬಲ್ಲವನು ಇಳಿಯಲು ಅಂಜುವುದಿಲ್ಲ. ಇಳಿಯಬೇಕಾದೆಡೆ ಇಳಿಯುವವನೇ ಒಳ್ಳೆಯ ಸವಾರನು.