ಕೆಸುವಿಗೂ ಕೊಳೆರೋಗ ಬಂತು

2018ರ ಆಟಿ ತಿಂಗಳು. ಆ ವರ್ಷದ ಮಳೆಯನ್ನು ಕರಾವಳಿಯ ಯಾವ ಕೃಷಿಕನೂ ಮರೆಯುವ ಹಾಗಿಲ್ಲ. ಅಡಿಕೆಗೆ ಎರಡನೇ ಮದ್ದು ಬಿಡಲು ಬಿಸಿಲಿಗೆ ಕಾದು ಕೂತಿದ್ದೆವು. ಬಿಸಿಲು ಬರಲಿಲ್ಲ. ಕಾಯಿ ಉದುರತೊಡಗಿತು. ಅದು ಗೊತ್ತಿದ್ದ ಸಂಗತಿಯೇ. ಗೊತ್ತಿಲ್ಲದ್ದು ಇನ್ನೊಂದಿತ್ತು. ಅದು ಕೆಳಗಿನ ಗದ್ದೆಯಲ್ಲಿ ನಡೆಯುತ್ತಿತ್ತು.

ಹಡಿಲು ಬಿದ್ದ ಹತ್ತು ಸೆಂಟ್ಸ್ ಗದ್ದೆಯಲ್ಲಿ ಆ ವರ್ಷ ನಾನು ಕೆಸು ಹಾಕಿದ್ದೆ. ಪೇಟೆಯ ತರಕಾರಿ ಅಂಗಡಿಯವರೊಬ್ಬರು "ಒಂದೇ ಸೈಜಿನ ಗೆಡ್ಡೆ ಕೊಟ್ಟರೆ ಎಷ್ಟಾದರೂ ತೆಗೆದುಕೊಳ್ತೇನೆ" ಅಂದಿದ್ದರು. ನಲುವತ್ತು ಕಿಲೋ ಬೀಜದ ಗೆಡ್ಡೆ ತಂದೆ. ಎಲ್ಲವೂ ಒಂದೇ ಜಾತಿ. ಪತ್ತನಾಜೆ ಕಳೆದ ಮೇಲೆ ಸಾಲು ಹಿಡಿದು ನೆಟ್ಟೆ. ಜುಲೈ ಹೊತ್ತಿಗೆ ಗದ್ದೆ ತುಂಬ ಆನೆಕಿವಿಯಂಥ ಎಲೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನನಗೂ ಸ್ವಲ್ಪ ಜಂಬ ಬಂದಿತ್ತು ಅನ್ನಿ.

ಒಂದು ಬೆಳಿಗ್ಗೆ ನೋಡಿದರೆ ಎಲೆಗಳಲ್ಲಿ ನೀರಲ್ಲಿ ನೆನೆದಂಥ ಸಣ್ಣ ಕಲೆ. ಎರಡು ದಿನದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ಉಂಗುರ ಉಂಗುರವಾಗಿ ಹರಡಿತು. ಕಲೆಯ ಮೇಲೆ ಜೇನಿನ ಬಣ್ಣದ ಹನಿ. ಮುಂಜಾನೆ ನೋಡಿದರೆ ಅಂಚಿನಲ್ಲಿ ಬಿಳಿ ಬೂಷ್ಟು. ಮೂರು ವಾರದಲ್ಲಿ ಗದ್ದೆ ಬೆಂಕಿ ಬಿದ್ದ ಹಾಗಾಯಿತು. ಹೊಸ ಎಲೆ ಬಂತು, ಅದೂ ಹೋಯಿತು. ಡಿಸೆಂಬರಿನಲ್ಲಿ ಅಗೆದಾಗ ಸಿಕ್ಕಿದ್ದು ಐವತ್ತೆರಡು ಕಿಲೋ, ಅದರಲ್ಲಿ ಹೆಚ್ಚಿನದ್ದು ನೆಲ್ಲಿಕಾಯಿ ಗಾತ್ರ. ಬೀಜದ ದುಡ್ಡೂ ಹುಟ್ಟಲಿಲ್ಲ, ಕೂಲಿಯ ಮಾತು ಬಿಡಿ.

ಅಮ್ಮ ಜಗಲಿಯಲ್ಲಿ ಕೂತು ಒಂದೇ ಮಾತು ಹೇಳಿದರು: "ಮಗ, ತೋಡಿನ ಬದಿಯ ಕೆಸು ಇದ್ದಿದ್ದರೆ ಪತ್ರೊಡೆಗಾದರೂ ಆಗ್ತಿತ್ತು."

ಆ ಮಾತು ಚುಚ್ಚಿತು. ಯಾಕೆಂದರೆ ತೋಡಿನ ಬದಿಯ ಕೆಸುವನ್ನು ತೆಗೆದವನು ನಾನೇ.

ಇದ್ದದ್ದೇನು, ಹೋದದ್ದೇನು

ನಾನು ಚಿಕ್ಕವನಿದ್ದಾಗ ನಮ್ಮ ತೋಡಿನ ದಡದಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ಬಾವಿಕಟ್ಟೆಯ ಹತ್ತಿರ ನಾಲ್ಕು ನಮೂನೆಯ ಕೆಸು ಇತ್ತು. ದಂಟು ನೇರಳೆಗಪ್ಪಾದ ಕರಿಕೆಸು, ಇದು ಎಲೆಗೆ. ಹಸಿರು ದಂಟಿನ ಬಿಳಿಕೆಸು, ಇದರ ದಂಟು ಹುಳಿಗೆ. ಬುಡದ ಸುತ್ತ ಮರಿ ಇಡುವ ಗೆಡ್ಡೆಕೆಸು. ಬಳ್ಳಿ ಬಿಟ್ಟು ನೀರಲ್ಲೇ ಹರಡುವ ತೋಡುಕೆಸು, ಇದರ ತುರಿಕೆ ಜಾಸ್ತಿ, ಎಳೆ ಸುರುಳಿ ಮಾತ್ರ ಅಡುಗೆಗೆ. ಇವಲ್ಲದೆ ಮಳೆಗಾಲದಲ್ಲಿ ಹಳೇ ಮಾವಿನ ಮರದ ಪೊಟರೆಯಲ್ಲಿ ಮರಕೆಸು ಏಳುತ್ತಿತ್ತು. ಅದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೇರೆಯೇ ಗಿಡ. ಆದರೆ ಆಟಿಯ ಪತ್ರೊಡೆಗೆ ಅದರಷ್ಟು ರುಚಿ ಇನ್ನೊಂದಿಲ್ಲ.

ತೋಟ ಕ್ಲೀನ್ ಕಾಣಬೇಕು ಅಂತ ನಾನು ಎರಡು ವರ್ಷ ತೋಡಿನ ಬದಿಗೆ ಕಳೆನಾಶಕ ಹೊಡೆದೆ. ಮಾವಿನ ಮರ ಕಡಿಸಿದೆ. ಯಾರೂ ನೆಡದೆ, ಯಾರೂ ನೀರು ಹಾಕದೆ ಬದುಕಿದ್ದ ಕೆಸು ಹಾಗೆ ಹೋಯಿತು. ಹೋದದ್ದು ಗೊತ್ತೂ ಆಗಲಿಲ್ಲ.

ಹತ್ತೂರಿಗೆ ಹತ್ತು ಹೆಸರು

ಬೆಳೆ ಕೈಕೊಟ್ಟ ಮೇಲೆ ಈ ಗಿಡದ ಬಗ್ಗೆ ಕೆದಕಲು ಶುರು ಮಾಡಿದೆ. ಮೊದಲು ಸಿಕ್ಕಿದ್ದು ಹೆಸರುಗಳು. ನಮಗೆ ಕೆಸು, ಕೆಸವು. ಮೈಸೂರು ಕಡೆಯ ಸಂತೆಯಲ್ಲಿ ಇದರ ಗೆಡ್ಡೆಗೆ ಸಾಮೆಗಡ್ಡೆ ಅನ್ನುತ್ತಾರೆ. ತುಳುವರಿಗೆ ತೇವು, ಕೊಡವರಿಗೆ ಕೆಂಬು, ಮಲಯಾಳಿಗಳಿಗೆ ಚೇಂಬು, ತೆಲುಗರಿಗೆ ಚಾಮ. ಕಿವಿಗೆ ಎಲ್ಲ ಒಂದೇ ಮನೆಯ ಅಕ್ಕತಂಗಿಯರ ಹಾಗೆ ಕೇಳುತ್ತವೆ. ಮರಾಠಿಯಲ್ಲಿ ಅಳು, ಹಿಂದಿಯಲ್ಲಿ ಅರ್ವಿ, ಬಂಗಾಳಿಯಲ್ಲಿ ಕಚು.

ವಿಜ್ಞಾನದ ಹೆಸರು ಕೊಲೊಕೇಸಿಯಾ ಎಸ್ಕುಲೆಂಟಾ. ಎಸ್ಕುಲೆಂಟಾ ಅಂದರೆ ತಿನ್ನಲು ಯೋಗ್ಯವಾದದ್ದು. ಕೊಲೊಕೇಸಿಯಾ ಎಂಬ ಹಳೇ ಗ್ರೀಕ್ ಶಬ್ದ ಮೊದಲು ಈಜಿಪ್ಟಿನ ತಾವರೆಯ ಗೆಡ್ಡೆಗೆ ಇದ್ದದ್ದಂತೆ. ಆಮೇಲೆ ಕೆಸುವಿಗೆ ಬಂತು. ತಾವರೆ ಎಲೆಯಲ್ಲೂ ನೀರು ನಿಲ್ಲದು, ಕೆಸುವಿನ ಎಲೆಯಲ್ಲೂ ನಿಲ್ಲದು. ಈಜಿಪ್ಟಿನವರು ಈಗಲೂ ಕೆಸುವಿಗೆ ಕುಲ್ಕಾಸ್ ಅನ್ನುತ್ತಾರೆ, ಸೊಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿ ಬೇಯಿಸಿ ತಿನ್ನುತ್ತಾರೆ.

ಭತ್ತಕ್ಕೂ ಹಿರಿಯ

ಕೆಸುವಿನ ತವರು ನಮ್ಮ ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ಮಳೆನಾಡು. ಪಪುವಾ ನ್ಯೂಗಿನಿ ದೇಶದ ಕುಕ್ ಎಂಬಲ್ಲಿ ಒಂದು ಜೌಗು ಪ್ರದೇಶ ಉಂಟು. ಅಲ್ಲಿ ಸಿಕ್ಕಿದ ಕಲ್ಲಿನ ಆಯುಧಗಳಿಗೆ ಕೆಸುವಿನ ಪಿಷ್ಟದ ಕಣಗಳು ಅಂಟಿದ್ದವು. ಅವು ಸುಮಾರು 10,000 ವರ್ಷ ಹಳೆಯವು. ನೀರು ಬಸಿಯಲು ಅಲ್ಲಿಯವರು ತೋಡಿದ ಹಳೇ ಚರಂಡಿಗಳ ಗುರುತೂ ಸಿಕ್ಕಿದೆ. 2008ರಲ್ಲಿ ಯುನೆಸ್ಕೊ ಆ ಜಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ತೋಟದಲ್ಲಿ ಉಜಿರುಕಣಿ ತೆಗೆಯುತ್ತೇವಲ್ಲ, ಅದೇ ಕೆಲಸ!

ಅಲ್ಲಿಂದಾಚೆಗೆ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಜನ ದೋಣಿಯಲ್ಲಿ ಹೋದಾಗ ಕೆಸುವಿನ ಬುಡವನ್ನು ಜೊತೆಗೇ ಒಯ್ದರು. ಹವಾಯಿಯಲ್ಲಿ ಇದು ಕಲೋ. ಅವರ ಪುರಾಣದ ಪ್ರಕಾರ ಸತ್ತೇ ಹುಟ್ಟಿದ ಒಂದು ಮಗುವನ್ನು ಹುಗಿದ ಜಾಗದಲ್ಲಿ ಮೊದಲ ಕೆಸು ಮೊಳೆಯಿತು. ಅದರ ತಮ್ಮನಾಗಿ ಹುಟ್ಟಿದವನಿಂದ ಮನುಷ್ಯ ಸಂತತಿ ಬೆಳೆಯಿತು. ಹಾಗಾಗಿ ಅವರಿಗೆ ಕೆಸು ತರಕಾರಿಯಲ್ಲ, ಅಣ್ಣ. ಬೇಯಿಸಿ ಜಜ್ಜಿ, ನೀರು ಕಲಸಿ, 'ಪೋಯಿ' ಮಾಡುತ್ತಾರೆ. ಒಂದೆರಡು ದಿನ ಇಟ್ಟು ಹುಳಿ ಬರಿಸಿಯೂ ಉಣ್ಣುತ್ತಾರೆ.

ಅಡಿಕೆಯ ರೋಗದ ದಾಯಾದಿ

ಇನ್ನು ನನ್ನ ಗದ್ದೆಗೆ ಬಂದ ರೋಗ. ಅದನ್ನು ಕೇಳಿದಾಗ ಬೆಚ್ಚಿಬಿದ್ದೆ. ಅಡಿಕೆಯ ಕೊಳೆರೋಗ, ಕರಿಮೆಣಸಿನ ಸೊರಗುರೋಗ, ತೆಂಗಿನ ಸುಳಿಕೊಳೆ - ಇವೆಲ್ಲ ಫೈಟಾಫ್ತೊರಾ ಎಂಬ ಒಂದೇ ಕುಟುಂಬದ ಕೆಲಸ. ಕೆಸುವಿನ ಎಲೆಕೊಳೆಯೂ ಅದೇ ಕುಟುಂಬದ್ದು, ಫೈಟಾಫ್ತೊರಾ ಕೊಲೊಕೇಸಿಯೆ. 1900ರಲ್ಲಿ ಜಾವಾ ದ್ವೀಪದಿಂದ ಇದನ್ನು ಮೊದಲು ವರ್ಣಿಸಿದರು. ನಮ್ಮ ದೇಶದಲ್ಲಿ ಬಟ್ಲರ್ ಮತ್ತು ಕುಲಕರ್ಣಿ ಎಂಬ ಇಬ್ಬರು ವಿಜ್ಞಾನಿಗಳು 1913ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಮೈಸೂರಿನಲ್ಲಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ನೂರು ವರ್ಷ ದಾಟಿದರೂ ಕೆಸುವಿಗೆ ಇಂಥದ್ದೊಂದು ರೋಗ ಉಂಟೆಂದು ನನಗೆ ಗೊತ್ತಿರಲಿಲ್ಲ.

ಮಳೆ ಹನಿ ಸಿಡಿದಾಗ ಒಂದು ಎಲೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಬೀಜದ ಗೆಡ್ಡೆಯ ಜೊತೆಗೂ ಬರುತ್ತದೆ. ಆರೋಗ್ಯದ ಎಲೆ ಸುಮಾರು ನಲುವತ್ತು ದಿನ ಬಾಳುತ್ತದೆ, ರೋಗ ಬಂದ ಎಲೆ ಇಪ್ಪತ್ತೂ ಬಾಳದು. ಎಲೆಯೇ ಇಲ್ಲದ ಮೇಲೆ ಗೆಡ್ಡೆಗೆ ಊಟ ಎಲ್ಲಿಂದ?

ಇನ್ನೂ ದೊಡ್ಡ ಪಾಠ ಸಮೋವಾ ದ್ವೀಪದ್ದು. ಆಗ ಆ ದೇಶದ ಮುಖ್ಯ ರಫ್ತು ಕೆಸುವಿನ ಗೆಡ್ಡೆಯಾಗಿತ್ತು. ಪೇಟೆಗೆ ಒಳ್ಳೇದೆಂದು ರೈತರೆಲ್ಲ ಬಹುಪಾಲು 'ನಿಯುವೆ' ಎಂಬ ಒಂದೇ ತಳಿಗೆ ಬಿದ್ದಿದ್ದರು. 1993ರಲ್ಲಿ ಈ ರೋಗ ಕಾಲಿಟ್ಟಿತು. ವರ್ಷದೊಳಗೆ ರಫ್ತು ಬಹುಮಟ್ಟಿಗೆ ನಿಂತೇಹೋಯಿತು. ಉಣ್ಣುವ ಗೆಡ್ಡೆಗೇ ತತ್ವಾರ. ಬೇರೆ ದ್ವೀಪಗಳ ತಳಿ ತಂದು, ಏಷ್ಯಾದ ತಳಿಗಳ ಜೊತೆ ಅಡ್ಡಹಾಯಿಸಿ, ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು.

ಕೆಸುವನ್ನು ನಾವು ಬೀಜದಿಂದ ಮಾಡುವುದಿಲ್ಲ, ಗೆಡ್ಡೆಯಿಂದ ಮಾಡುತ್ತೇವೆ. ಅಂದರೆ ಒಂದು ಗದ್ದೆಯ ಒಂದು ಜಾತಿ ಅಂದರೆ ಸಾವಿರ ಗಿಡವಲ್ಲ, ಸಾವಿರ ಕಡೆ ನಿಂತ ಒಂದೇ ಗಿಡ. ಒಂದಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವುದಕ್ಕೂ ಇಲ್ಲ. ಸಮೋವಾದಲ್ಲಿ ಒಂದು ದೇಶ ಮಾಡಿದ ತಪ್ಪನ್ನು ನಾನು ಹತ್ತು ಸೆಂಟ್ಸಿನಲ್ಲಿ ಮಾಡಿದ್ದೆ.

ಕೊಟ್ಟದ್ದು ಹಿಂದೆ ಬಂತು

ಅದೇ ಡಿಸೆಂಬರಿನಲ್ಲಿ ಕೆಳಗಿನ ಮನೆಗೆ ಹೋಗಿದ್ದೆ. ಬಚ್ಚಲ ಹಿಂದೆ ಕರಿಕೆಸು ಸೊಂಪಾಗಿ ನಿಂತಿತ್ತು. ಮಳೆಗಾಲದಲ್ಲಿ ಕೊಳೆ ಬರಲಿಲ್ಲವಾ ಅಂತ ಕೇಳಿದೆ. "ನಾಲ್ಕು ಎಲೆ ಕಪ್ಪಾಯ್ತು, ಕಿತ್ತು ಬಿಸಾಡಿದೆ. ಮತ್ತೆ ಎಂತದೂ ಆಗ್ಲಿಲ್ಲ" ಅಂದರು ಆ ಮನೆಯ ಅಕ್ಕ. ಎರಡು ಬುಡ ಕೊಡ್ತೀರಾ ಅಂದೆ. ಅವರು ನಕ್ಕರು. "ಇದು ನಿಮ್ಮ ಅಮ್ಮ ಕೊಟ್ಟದ್ದೇ ಅಲ್ವಾ ಅಣ್ಣಾ, ನನ್ನ ಮದುವೆಯಾಗಿ ಬಂದ ವರ್ಷ!"

ಬುಡ ತಂದು ಅಮ್ಮನಿಗೆ ತೋರಿಸಿದೆ. ದಂಟು ಮುಟ್ಟಿ ನೋಡಿ "ಹೌದು, ನಮ್ಮದೇ" ಅಂದರು. ಅಷ್ಟೇ. ಆ ವಾರವೇ ಬಚ್ಚಲ ಬದಿಯಲ್ಲಿ ನೆಟ್ಟಾಯಿತು.

ಆಮೇಲೆ ನೆಂಟರ ಮನೆ, ಗೆಳೆಯರ ತೋಟ ಅಂತ ಹುಡುಕಿ ಈಗ ಬಿಳಿಕೆಸು, ಗೆಡ್ಡೆಕೆಸುವಿನ ಎರಡು ಜಾತಿ ಕೂಡಿಸಿದ್ದೇನೆ. ಮರಕೆಸು ಇನ್ನೂ ಹಿಡಿದಿಲ್ಲ. ಮರ ಕಡಿಯಲು ಅರ್ಧ ದಿನ ಸಾಕಾಗಿತ್ತು, ಅಂಥ ಪೊಟರೆ ಆಗಲು ಎಷ್ಟು ಕಾಲ ಬೇಕೋ.

ಈಗ ಮಾಡುವ ಕ್ರಮ

* ಬೀಜಕ್ಕೆ 25ರಿಂದ 35 ಗ್ರಾಂ ತೂಕದ, ಕಲೆಯಿಲ್ಲದ ಮರಿಗೆಡ್ಡೆ. ರೋಗ ಬಂದ ಪಾತಿಯಿಂದ ಬೀಜ ತೆಗೆಯುವುದಿಲ್ಲ.
* ನೀರು ಇರುವಲ್ಲಿ ಬೇಸಿಗೆಯಲ್ಲೇ ನೆಡುತ್ತೇನೆ. ಆಟಿಯ ಮಳೆ ಬರುವಾಗ ಗಿಡ ಗಟ್ಟಿಯಾಗಿರುತ್ತದೆ.
* ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಗಾಳಿ ಆಡಬೇಕು.
* ಒಂದು ಸಾಲು ಒಂದು ಜಾತಿ, ಪಕ್ಕದ ಸಾಲು ಇನ್ನೊಂದು.
* ಸೊಪ್ಪು, ಹಟ್ಟಿಗೊಬ್ಬರ ಕೊಟ್ಟು ಎರಡು ಸಲ ಮಣ್ಣು ಏರಿಸುವುದು.
* ಕಲೆ ಕಂಡ ಎಲೆಯನ್ನು ಅದೇ ದಿನ ಕಿತ್ತು ದೂರ ಹುಗಿಯುವುದು. ಬೋರ್ಡೋ ಬಿಟ್ಟರೆ ತಡೆಯಬಹುದು. ಆದರೆ ಎಲೆಯನ್ನೂ ತಿನ್ನುವ ನಮಗೆ ಅದು ಬೇಡವೆಂದು ಬಿಟ್ಟಿದ್ದೇನೆ.
* ಆರೇಳು ತಿಂಗಳಲ್ಲಿ ಎಲೆ ಹಳದಿಯಾದಾಗ ಅಗೆಯುವುದು.

ಗೆಡ್ಡೆ ಮಾರಲೆಂದೇ ಬೆಳೆಸುವವರಿಗೆ ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಉಂಟು. 1963ರಿಂದ ಈ ಕೆಲಸದಲ್ಲಿದೆ. ಅದರ ಭುವನೇಶ್ವರದ ಕೇಂದ್ರದಿಂದ ಬಂದ 'ಮುಕ್ತಕೇಶಿ' ಎಂಬ ತಳಿ ಈ ಕೊಳೆಯನ್ನು ತಡೆದುಕೊಳ್ಳುತ್ತದೆ. ಹಾಕಿ, ಆದರೆ ಅದೊಂದನ್ನೇ ಹಾಕಬೇಡಿ.

ತುರಿಕೆಗೆ ಹೆದರಬೇಡಿ

ಕೆಸು ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನಿಂದ. ಸೂಜಿಯಂಥ ಹರಳುಗಳು ಬಾಯಿಗೆ ಚುಚ್ಚುತ್ತವೆ. ಹೆಚ್ಚುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿ. ಗೆಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ನೀರು ಚೆಲ್ಲಿ, ಆಮೇಲೆ ಸುಲಿಯಿರಿ. ಚೆನ್ನಾಗಿ ಬೇಯುವುದೇ ಮುಖ್ಯ. ಹುಳಿ ಬೀಳಲೇಬೇಕು - ಹುಣಸೆ, ಅಂಬಟೆ, ಬಿಂಬುಳಿ, ಮಜ್ಜಿಗೆ ಯಾವುದೂ ಆದೀತು. ಮೂತ್ರಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನುವುದು ಒಳ್ಳೇದು. ಗುರುತು ಗೊತ್ತಿಲ್ಲದ ಕಾಡುಕೆಸು ಮುಟ್ಟಬೇಡಿ.

ನಮ್ಮಲ್ಲಿ ಪತ್ರೊಡೆಗೆ ನೆನೆಸಿದ ಅಕ್ಕಿ, ಕೊತ್ತಂಬರಿ, ಜೀರಿಗೆ, ಒಣಮೆಣಸು, ತೆಂಗಿನತುರಿ, ಹುಣಸೆ, ಬೆಲ್ಲ ಸೇರಿಸಿ ದಪ್ಪಕ್ಕೆ ಕಡೆಯುತ್ತಾರೆ. ಎಲೆಯ ದಪ್ಪ ನಾರು ಸವರಿ, ಹಿಂಬದಿಗೆ ಹಿಟ್ಟು ಹಚ್ಚಿ, ಒಂದರ ಮೇಲೊಂದಿಟ್ಟು ಸುತ್ತಿ, ಒಂದು ಗಂಟೆ ಹಬೆಯಲ್ಲಿ ಬೇಯಿಸುವುದು. ಬಿಸಿಬಿಸಿಗೆ ತೆಂಗಿನೆಣ್ಣೆ ಸಾಕು. ಮಾರನೇ ದಿನ ಪುಡಿ ಮಾಡಿ ಒಗ್ಗರಣೆ ಕೊಟ್ಟರೆ ಇನ್ನೂ ರುಚಿ. ಇದೇ ತಿಂಡಿ ಮಹಾರಾಷ್ಟ್ರದಲ್ಲಿ ಕಡ್ಲೆಹಿಟ್ಟಿನ ಅಳುವಡಿ, ಗುಜರಾತಿನಲ್ಲಿ ಪಾತ್ರಾ.

ಮಲೆನಾಡಿನವರ ಕರಕಲಿ ಬಡವರ ಮನೆಯ ಗೊಜ್ಜು. ಕರಿಕೆಸುವಿನ ಎಳೆ ಎಲೆ, ಹಸಿಮೆಣಸು, ಹುಳಿ, ಉಪ್ಪು ಹಾಕಿ ಗಟ್ಟಿಯಾಗುವ ತನಕ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ. ಗಂಜಿಗೆ ಬೇರೆ ಬೇಡ. ದಂಟಿನ ಹುಳಿ, ಗೆಡ್ಡೆಯ ಮಜ್ಜಿಗೆಹುಳಿ ನಿಮಗೆ ಗೊತ್ತಿದ್ದದ್ದೇ. ಬಂಗಾಳದವರು ತೋಡುಕೆಸುವಿನ ಬಳ್ಳಿಯನ್ನೂ ಬಿಡುವುದಿಲ್ಲ, ಪಲ್ಯ ಮಾಡುತ್ತಾರೆ.

ಕಳೆದ ಆಟಿಯಲ್ಲೂ ಒಂದು ಸಾಲಿಗೆ ಕೊಳೆ ಬಂತು. ಪಕ್ಕದ ಕರಿಕೆಸು ನಿಂತಿತು. ಪೇಟೆಗೆ ಕೊಂಡುಹೋದದ್ದು ಹೆಚ್ಚೇನಿಲ್ಲ, ಆದರೆ ಬೀಜಕ್ಕೂ ಮನೆಗೂ ಕೊರತೆಯಾಗಲಿಲ್ಲ. ಕೇಳಿ ಬಂದ ಆರು ಮನೆಗೆ ಬುಡ ಕೊಟ್ಟೆ. ನನ್ನಲ್ಲಿ ಮತ್ತೆ ಹೋದರೆ ಅವರಲ್ಲಿ ಇರುತ್ತದಲ್ಲ.

ನಿಮ್ಮ ತೋಡಿನ ಬದಿಯಲ್ಲಿ ಯಾವ ಕೆಸು ಉಂಟು? ಕತ್ತಿ ಬೀಸುವ ಮೊದಲು ಒಮ್ಮೆ ನೋಡಿ. ಒಂದು ಬುಡ ಪಕ್ಕದ ಮನೆಗೆ ಕೊಟ್ಟಿಡಿ.