ನಿಮಗಿದು ಗೊತ್ತೆ? ಇಂಗುಗುಂಡಿಯೂ ಗುಡ್ಡ ಜಾರಿಸೀತು!

ತುಮಕೂರಿನ ವಸಂತನರಸಾಪುರದಂಥ ಒಣಸೀಮೆಯಲ್ಲಿ ಇಂಗುಗುಂಡಿ ತೋಡಿದವರನ್ನು ಊರೇ ಮೆಚ್ಚುತ್ತದೆ. ಅದೇ ಗುಂಡಿಯನ್ನು ಮಲೆನಾಡಿನ ಕಡಿದಾದ ಇಳಿಜಾರಿನಲ್ಲಿ, ಮನೆಯ ಮೇಲ್ಭಾಗದಲ್ಲಿ ತೋಡಿದರೆ ಅಪಾಯ. ಇಂಗಿದ ನೀರು ಮಣ್ಣಿನ ತೂಕ ಹೆಚ್ಚಿಸುತ್ತದೆ. ಕಣಗಳ ನಡುವೆ ನೀರಿನ ಒತ್ತಡ ಏರಿ ಹಿಡಿತ ಸಡಿಲುತ್ತದೆ. 2020ರ ಆಗಸ್ಟ್‌ನಲ್ಲಿ ಕೊಡಗಿನ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಅರ್ಚಕರ ಮನೆಯ ಮೇಲೆ ಕುಸಿದಾಗ, ಬೆಟ್ಟದ ಮೇಲಿನ ಇಂಗುಗುಂಡಿಗಳತ್ತಲೂ ಬೆರಳು ತೋರಲಾಗಿತ್ತು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದು, ಆಧಾರ ಕೊಡದೆ ಬಿಟ್ಟದ್ದನ್ನೂ ಗುರುತಿಸಿತು. ಜೆಸಿಬಿ ಅರ್ಧ ದಿನದಲ್ಲಿ ನಿವೇಶನ ಸಮ ಮಾಡಿಕೊಡುತ್ತದೆ ನಿಜ, ಆದರೆ ಅದು ಕಡಿಯುವುದು ಗುಡ್ಡದ ಬುಡವನ್ನೇ!

ಕರಾವಳಿಯ ಕಥೆ ಇನ್ನೂ ವಿಚಿತ್ರ. ಮೇಲೆ ಗಟ್ಟಿ ಜಂಬಿಟ್ಟಿಗೆ, ಅಡಿಯಲ್ಲಿ ಶೇಡಿಮಣ್ಣು. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೀರು ಕುಡಿದರೆ ರಾಡಿ.

ಕಡಿದ ಇಳಿಜಾರಿಗೆ ತಡೆಗೋಡೆ ಕಟ್ಟುವವರು ಅದರಲ್ಲಿ ಸಾಲಾಗಿ ಪೈಪಿನ ತೂತು ಬಿಡುವುದು ಅಂದಕ್ಕಲ್ಲ. ಹಿಂದೆ ಜಲ್ಲಿ ತುಂಬಿ ನೀರಿಗೆ ದಾರಿ ಕೊಡದಿದ್ದರೆ, ದಪ್ಪ ಕಾಂಕ್ರೀಟ್ ಗೋಡೆಯೂ ಮಗುಚೀತು. ಮಳೆಗಾಲದಲ್ಲಿ ಆ ತೂತುಗಳಿಂದ ಕೆಸರುನೀರು ಸುರಿಯತೊಡಗಿದರೆ, ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಮಳೆ ನಿಲ್ಲಲೆಂದು ಕಾಯದೆ ಮನೆ ಬಿಟ್ಟು ಹೊರಡಬೇಕು.